ಹಂಪಿಯಲ್ಲಿ ದೊಡ್ಡ ಕ್ಯಾಮೆರಾ, ಕೆಟ್ಟ ನೆಗೆಟಿವ್: ಬೆಳಕು ಎಲ್ಲಿಂದ ಸೋರಿತು, ಮುಖ ಯಾಕೆ ಮಸುಕಾಯಿತು

ಜನವರಿಯಲ್ಲಿ ಹಂಪಿಯಿಂದ ಹನ್ನೆರಡು ಹಾಳೆ ಫಿಲ್ಮ್ ಹೊತ್ತು ತಂದೆ. ತೊಳೆದು, ಬಚ್ಚಲುಮನೆಯ ದಾರಕ್ಕೆ ಕ್ಲಿಪ್ ಹಾಕಿ ನೇತುಹಾಕಿದೆ. ಮೂರು ಮಾತ್ರ ಸರಿ ಇದ್ದವು. ಐದರಲ್ಲಿ ಬೆಳಕು ಸೋರಿತ್ತು. ಎರಡರಲ್ಲಿ ಮುಖ ಮಸುಕು. ಒಂದು ಪೂರ್ತಿ ಖಾಲಿ. ಉಳಿದ ಒಂದರಲ್ಲಿ, ಕಲ್ಲಿನ ರಥದ ಮುಂದೆ ನಿಂತ ಗಂಡ-ಹೆಂಡತಿಯ ಎದೆಯ ಮೇಲೆ ಒಬ್ಬ ಹುಡುಗ ಆರಾಮಾಗಿ ಕೂತು ಸೌತೆಕಾಯಿ ತಿನ್ನುತ್ತಿದ್ದ.

ಮೊದಲ ಸಿಟ್ಟಿಗೆ ಕ್ಯಾಮೆರಾ ಪೂರ್ತಿ ಬಿಚ್ಚೋಣ ಅನ್ನಿಸಿತು. ಬಿಚ್ಚಲಿಲ್ಲ, ಒಳ್ಳೇದಾಯ್ತು. ಒಂದು ಸ್ಕ್ರೂ ಮುಟ್ಟುವ ಮುಂಚೆ ನೆಗೆಟಿವ್‌ನಿಂದಲೇ ಮುಕ್ಕಾಲು ಪಾಲು ಪತ್ತೆ ಮಾಡಬಹುದು. ನಾನು ಹುಡುಕಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕ್ಯಾಮೆರಾ ಬಗ್ಗೆ ಎರಡು ಮಾತು. 4×5 ಇಂಚಿನ ಹಾಳೆ ಹಾಕುವ ಹಳೆಯ ಪ್ರೆಸ್ ಕ್ಯಾಮೆರಾ. 1912ರಲ್ಲಿ ಶುರುವಾದ ಸ್ಪೀಡ್ ಗ್ರಾಫಿಕ್‌ನ ಜಾತಿಯದು ಅಂದುಕೊಳ್ಳಿ. 135 ಮಿ.ಮೀ. ಲೆನ್ಸ್, ಪಕ್ಕದಲ್ಲಿ ರೇಂಜ್‌ಫೈಂಡರ್ (ಎರಡು ಬಿಂಬ ಸೇರಿಸಿ ಫೋಕಸ್ ಹೊಂದಿಸುವ ಕಿಂಡಿ). ಕೈಯಲ್ಲಿ ಹಿಡಿದೇ ತೆಗೆಯುತ್ತೇನೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಬೇಕಾದರೆ ಮೊದಲೇ ಅನುಮತಿ ಬೇಕು. ಅದೂ ಅಲ್ಲದೆ ಟ್ರೈಪಾಡ್ ಇಟ್ಟವನ ಮುಂದೆ ಯಾವ ಪ್ರವಾಸಿಗ ಸಹಜವಾಗಿ ಇರುತ್ತಾನೆ? ನನಗೆ ಬೇಕಿರುವುದು ಪೋಸ್ ಕೊಡುವ ಮೊದಲಿನ, ಕೊಟ್ಟು ಮುಗಿದ ಮೇಲಿನ ಮುಖಗಳು.

ಇದೇ ಕೆಲಸ ಕ್ಯಾಮೆರಾದ ಸಣ್ಣ ರೋಗವನ್ನು ದೊಡ್ಡದು ಮಾಡುತ್ತದೆ. ಗುಡ್ಡ, ಗೋಪುರ ತೆಗೆಯುವವರು ಡಾರ್ಕ್ ಸ್ಲೈಡ್ (ಹಾಳೆಗೆ ಬೆಳಕು ತಾಗದಂತೆ ಮುಚ್ಚಿರುವ ತೆಳು ಹಲಗೆ) ಎಳೆದು, ಐದು ಸೆಕೆಂಡಿನಲ್ಲಿ ಶಟರ್ ಒತ್ತಿ, ಮತ್ತೆ ಮುಚ್ಚಿಬಿಡುತ್ತಾರೆ. ನಾವು ಸ್ಲೈಡ್ ಎಳೆದು ಕಾಯುತ್ತೇವೆ. ಅಜ್ಜಿ ಮೆಟ್ಟಿಲ ಮೇಲೆ ಕೂತು ಕಾಲು ಒತ್ತಿಕೊಳ್ಳುವವರೆಗೆ, ಮಗು ಆನೆ ಶಿಲ್ಪದ ಸೊಂಡಿಲು ಹಿಡಿದು ಜೋತಾಡುವವರೆಗೆ. ನಾಲ್ಕು ನಿಮಿಷ ಹೀಗೇ ಹೋಗುತ್ತದೆ. ಐದು ಸೆಕೆಂಡಿಗೆ ಹೋಲಿಸಿದರೆ ಅದು ಸುಮಾರು ಐವತ್ತು ಪಟ್ಟು. ಅಷ್ಟು ಹೊತ್ತು ಹಂಪಿಯ ಬಿಸಿಲಲ್ಲಿ ನಿಂತರೆ ಸೂಜಿಮೊನೆಯಷ್ಟು ತೂತು ಸಾಕು. ಕ್ಯಾಮೆರಾ ಮಾರಿದ ಮನುಷ್ಯ ಮನೆಯೊಳಗೆ ಒಂದು ಚಿತ್ರ ತೆಗೆದು ತೋರಿಸಿ "ಪರ್ಫೆಕ್ಟ್ ಇದೆ ಸರ್" ಅಂದಿದ್ದ. ಅವನು ಸುಳ್ಳು ಹೇಳಿರಲಿಲ್ಲ. ಅವನು ಕಾದಿರಲಿಲ್ಲ, ಅಷ್ಟೇ.

ಮೊದಲು ಅಂಚು ನೋಡಿ

ಹೋಲ್ಡರ್ ಅಂದರೆ ಎರಡು ಮುಖಕ್ಕೂ ಒಂದೊಂದು ಹಾಳೆ ತುಂಬಿ ಕ್ಯಾಮೆರಾಗೆ ಹಾಕುವ ಚಪ್ಪಟೆ ಪೆಟ್ಟಿಗೆ. ಅದರ ಒಳಗೆ ಹಾಳೆಯ ಅಂಚನ್ನು ಸಣ್ಣ ಪಟ್ಟಿಗಳು ಹಿಡಿದಿರುತ್ತವೆ. ಆ ಪಟ್ಟಿಯ ಕೆಳಗಿನ ಭಾಗಕ್ಕೆ ಮುಂದಿನಿಂದ ಬೆಳಕು ತಾಗುವುದಿಲ್ಲ. ತೊಳೆದ ಮೇಲೆ ಚಿತ್ರದ ಸುತ್ತ ತೆಳ್ಳಗೆ, ಗಾಜಿನ ಹಾಗೆ ಪಾರದರ್ಶಕವಾದ ಅಂಚು ಉಳಿಯುತ್ತದೆ. ಸ್ಕ್ಯಾನ್ ಮಾಡುವಾಗ ನಾವು ಕತ್ತರಿಸಿ ಬಿಸಾಡುವುದು ಇದನ್ನೇ. ಪತ್ತೆದಾರಿಗೆ ಬೇಕಾದ ಸಾಕ್ಷಿ ಇರುವುದೂ ಅಲ್ಲೇ. ಅದಕ್ಕೇ ಸ್ಕ್ಯಾನ್ ನೋಡಬೇಡಿ, ನೆಗೆಟಿವ್ ಕೈಗೆ ತಗೊಂಡು ಕಿಟಕಿಗೆ ಹಿಡಿಯಿರಿ. ನೆನಪಿರಲಿ, ಸೋರಿದ ಬೆಳಕು ನೆಗೆಟಿವ್‌ನಲ್ಲಿ ಕಪ್ಪಾಗಿ ಕಾಣುತ್ತದೆ, ಪ್ರಿಂಟ್‌ನಲ್ಲಿ ಬಿಳಿಯಾಗಿ.

ಅಂಚು ಸ್ವಚ್ಛವಾಗಿದ್ದು ಒಳಗೆ ಮಾತ್ರ ಕಪ್ಪು ಮಚ್ಚೆ ಇದ್ದರೆ ಬೆಳಕು ಕ್ಯಾಮೆರಾದ ಒಳಗಿನಿಂದ ಬಂದಿದೆ. ಅಂದರೆ ಬೆಲ್ಲೋಸ್ (ಲೆನ್ಸ್‌ಗೂ ಹಿಂಬದಿಗೂ ನಡುವಿನ ಮಡಿಕೆ ಚೀಲ), ಲೆನ್ಸ್ ಬೋರ್ಡ್ (ಲೆನ್ಸ್ ಕೂರಿಸುವ ಹಲಗೆ) ಅಥವಾ ಶಟರ್. ಅಂಚೂ ಸೇರಿ ಇಡೀ ಹಾಳೆ ಮಂಕಾಗಿದ್ದರೆ ಕ್ಯಾಮೆರಾ ಮುಟ್ಟಬೇಡಿ. ಅದು ಹಳೆಯ ಫಿಲ್ಮ್ ಇರಬಹುದು, ತುಂಬುವ ಕತ್ತಲು ಸಾಲದೆ ಇರಬಹುದು, ವಿಮಾನ ನಿಲ್ದಾಣದ ಸ್ಕ್ಯಾನರ್ ಇರಬಹುದು, ತೊಳೆಯುವ ಡಬ್ಬಿ ಇರಬಹುದು. ಮೂರನೆಯದು, ಒಂದೇ ತುದಿಯಿಂದ ಶುರುವಾಗಿ ಒಳಗೆ ಹೋಗುತ್ತಾ ತೆಳುವಾಗುವ ಕಪ್ಪು. ಅದು ಹೋಲ್ಡರ್‌ನ ಕೆಲಸ.

ನನ್ನ ಐದು ಹಾಳೆಯನ್ನು ಹೀಗೆ ನೋಡಿದಾಗ ಎರಡು ಗುಂಪಾಯಿತು. ಮೂರರಲ್ಲಿ ತುದಿಯಿಂದ ನಾಲಗೆ ಚಾಚಿದ ಹಾಗೆ ಕಪ್ಪು. ಎರಡರಲ್ಲಿ ಅಂಚು ಶುದ್ಧ, ನಡುವೆ ಬೆಣ್ಣೆ ಮುದ್ದೆಯ ಹಾಗೆ ಅಂಚಿಲ್ಲದ ಮಚ್ಚೆ. ಒಂದೇ ರೋಗ ಅಂದುಕೊಂಡಿದ್ದೆ, ಎರಡು ರೋಗ ಇತ್ತು. ಇದು ಗೊತ್ತಾಗದೆ ಬೆಲ್ಲೋಸ್ ಒಂದನ್ನೇ ರಿಪೇರಿ ಮಾಡಿದ್ದರೆ ಮುಂದಿನ ಸಲವೂ ಮೂರು ಹಾಳೆ ಹಾಳು.

ಮೂರು ಹಾಳೆಯ ಪರೀಕ್ಷೆ

ಅನುಮಾನ ಉಳಿದರೆ ಮೂರು ಹಾಳೆ ಬಲಿ ಕೊಡಿ. ಒಂದು ಹಾಳೆಗೆ ಕೊಡುವ ದುಡ್ಡಲ್ಲಿ ಇಬ್ಬರಿಗೆ ಮಸಾಲೆ ದೋಸೆ, ಕಾಫಿ ಆಗುತ್ತದೆ, ಗೊತ್ತು. ಕೈ ಬರದಿದ್ದರೆ ಆಸ್ಪತ್ರೆಯ ಎಕ್ಸ್‌ರೇ ಫಿಲ್ಮ್ ಕತ್ತರಿಸಿ ಬಳಸಿ. ಕಡಿಮೆ ಬೆಲೆ, ಕೆಂಪು ಬೆಳಕಲ್ಲಿ ಕೆಲಸ ಮಾಡಬಹುದು. ಎರಡೂ ಕಡೆ ಲೇಪ ಇರುವುದರಿಂದ ಬೇಗ ಗೀರು ಬೀಳುತ್ತದೆ. ಪರೀಕ್ಷೆಗೆ ಗೀರು ಬಿದ್ದರೆ ಏನು ನಷ್ಟ?

ಒಂದನೇ ಹಾಳೆ ಹೋಲ್ಡರ್‌ಗೆ ತುಂಬಿ, ಕತ್ತಲಲ್ಲೇ ತೆಗೆದು ತೊಳೆಯಿರಿ. ಇದು ಕಪ್ಪಾದರೆ ತಪ್ಪು ನಿಮ್ಮ ಕತ್ತಲೆ ಕೋಣೆಯದು ಅಥವಾ ಡಬ್ಬಿಯದು. ನಾನು ಹೊಸಪೇಟೆಯ ಲಾಡ್ಜ್‌ಗಳಲ್ಲಿ ಬಚ್ಚಲಲ್ಲಿ ಕೂತು ತುಂಬುವವನು. ಬಾಗಿಲ ಕೆಳಗೆ ಟವೆಲ್ ತುರುಕಿದರೂ ಗೀಸರ್‌ನ ಕೆಂಪು ಚುಕ್ಕಿ ಉಳಿದಿರುತ್ತದೆ. ಅದಕ್ಕೆ ಕಪ್ಪು ಟೇಪ್ ಹಚ್ಚುವುದು ಮರೆತರೆ ಮುಗಿಯಿತು.

ಎರಡನೇ ಹಾಳೆ ಹೋಲ್ಡರ್‌ನಲ್ಲಿ, ಸ್ಲೈಡ್ ಮುಚ್ಚಿಯೇ ಇರಲಿ. ಬಿಸಿಲಲ್ಲಿ ಹತ್ತು ನಿಮಿಷ, ಆಗಾಗ ನಾಲ್ಕೂ ಕಡೆ ತಿರುಗಿಸಿ. ಆಮೇಲೆ ಸ್ಲೈಡ್ ಎಳೆಯದೇ ತೊಳೆಯಿರಿ. ಇದು ಹೋಲ್ಡರ್‌ನ ಪರೀಕ್ಷೆ.

ಮೂರನೇ ಹಾಳೆ ಕ್ಯಾಮೆರಾಗೆ ಹಾಕಿ. ಶಟರ್ ಮುಚ್ಚಿ, ಲೆನ್ಸ್‌ಗೆ ಕ್ಯಾಪ್ ಹಾಕಿ, ಸ್ಲೈಡ್ ಅರ್ಧ ಎಳೆದು ಬಿಸಿಲಲ್ಲಿ ನಾಲ್ಕು ನಿಮಿಷ ನಿಲ್ಲಿ. ನೀವು ನಿಜವಾಗಿ ಕಾಯುವಷ್ಟೇ ಹೊತ್ತು, ಕಡಿಮೆ ಬೇಡ. ತೆರೆದ ಅರ್ಧ ಕಪ್ಪಾಗಿ ಮುಚ್ಚಿದ ಅರ್ಧ ಸ್ವಚ್ಛವಾಗಿದ್ದರೆ ಕ್ಯಾಮೆರಾ ಸೋರುತ್ತಿದೆ. ಕ್ಯಾಪ್ ತೆಗೆದಾಗ ಮಾತ್ರ ಸೋರಿದರೆ ಶಟರ್ ಎಲೆಗಳನ್ನು ನೋಡಿ.

ನಾಲಗೆಯಂಥ ಕಪ್ಪು

ಹಾಳೆಯ ಒಂದು ಮೂಲೆ ಹತ್ತಿರ ಸಣ್ಣ ಕಚ್ಚುಗಳಿರುತ್ತವೆ. ಕತ್ತಲಲ್ಲಿ ಲೇಪದ ಮೈ ಯಾವುದು ಅಂತ ಬೆರಳಿಗೆ ಗೊತ್ತಾಗಲಿ ಎಂದು ಕಂಪನಿ ಮಾಡಿರುವುದು. ಆ ಕಚ್ಚು ಯಾವಾಗಲೂ ಹೋಲ್ಡರ್‌ನ ಫ್ಲ್ಯಾಪ್ (ಹಾಳೆ ತೂರಿಸುವ ತುದಿಯ ಮಡಚುವ ಮುಚ್ಚಳ) ಕಡೆಗೆ ಬರುವ ಹಾಗೆ ತುಂಬುವ ಅಭ್ಯಾಸ ಇಟ್ಟುಕೊಳ್ಳಿ. ಆಗ ತೊಳೆದ ಮೇಲೂ ಯಾವ ತುದಿ ಯಾವುದು ಅಂತ ಹೇಳಬಹುದು. ಕಚ್ಚಿನ ತುದಿಯಲ್ಲಿ ಕಪ್ಪಿದ್ದರೆ ಫ್ಲ್ಯಾಪ್‌ನ ಕೀಲಿನ ಟೇಪ್ ಹರಿದಿದೆ. ಎದುರು ತುದಿಯಲ್ಲಿದ್ದರೆ ಸ್ಲೈಡ್ ಎಳೆಯುವ ಸೀಳು.

ನನ್ನ ಮೂರೂ ಹಾಳೆಯಲ್ಲಿ ಕಪ್ಪು ಇದ್ದದ್ದು ಸೀಳಿನ ಕಡೆ, ಅದೂ ಒಂದೇ ಮೂಲೆಯಲ್ಲಿ. ಸೀಳಿನೊಳಗೆ ಮಕಮಲ್ಲಿನಂಥ ಬಟ್ಟೆ, ಅದರ ಹಿಂದೆ ತೆಳು ಸ್ಪ್ರಿಂಗ್ ಇರುತ್ತದೆ. ಸ್ಲೈಡ್ ಆಚೆ ಬಂದ ಕೂಡಲೇ ಬಟ್ಟೆ ಸೀಳನ್ನು ಮುಚ್ಚಿಕೊಳ್ಳುತ್ತದೆ. ಸ್ಲೈಡನ್ನು ನೇರವಾಗಿ ಹಾಕಿದರೆ ಸರಿ. ಒಂದು ಮೂಲೆ ಮೊದಲು ತುರುಕಿದಿರೋ, ಇನ್ನೊಂದು ಮೂಲೆಯಲ್ಲಿ ಬಟ್ಟೆ ಬಾಯಿ ಬಿಡುತ್ತದೆ. ನಾನು ಮಾಡಿದ್ದು ಇದನ್ನೇ. ಕಣ್ಣು ಜನರ ಮೇಲೆ, ಕೈ ಹೋಲ್ಡರ್ ಮೇಲೆ. ವಿಠ್ಠಲ ದೇವಸ್ಥಾನದ ಮುಂದೆ ಬ್ಯಾಟರಿ ಗಾಡಿಯಿಂದ ಇಳಿಯುತ್ತಿದ್ದ ಒಂದು ಕುಟುಂಬವನ್ನು ನೋಡುತ್ತಾ, ಸ್ಲೈಡನ್ನು ಪರ್ಸಿಗೆ ನೋಟು ತುರುಕುವ ಹಾಗೆ ತುರುಕಿದ್ದೆ.

ಪರಿಹಾರಕ್ಕೆ ದುಡ್ಡು ಬೇಕಿಲ್ಲ. ಸ್ಲೈಡ್ ಎಳೆಯುವಾಗ, ಹಾಕುವಾಗ ಸೀಳಿಗೆ ಬಿಸಿಲು ಬೀಳದ ಹಾಗೆ ಮೈ ತಿರುಗಿಸಿ. ಎಳೆದ ಮೇಲೆ ಸೀಳಿನ ಮೇಲೆ ಕಪ್ಪು ಬಟ್ಟೆಯ ತುಂಡು ಇರಲಿ. ಹಾಕುವ ಆ ಎರಡು ಸೆಕೆಂಡು ಜನರನ್ನು ಬಿಟ್ಟು ಕೈ ನೋಡಿ. ಇಷ್ಟು ಮಾಡಿದ ಮೇಲೂ ಅದೇ ಹೋಲ್ಡರ್ ಸೋರಿದರೆ ಬಟ್ಟೆ ಸವೆದಿದೆ, ಬದಲಿಸಿ. ಯಾವ ಹೋಲ್ಡರ್ ಅಂತ ಗೊತ್ತಾಗುವುದು ಹೇಗೆ? ಪ್ರತಿ ಹೋಲ್ಡರ್ ಒಳಗೆ, ಹಾಳೆಯ ಅಂಚು ಕೂರುವ ಪಟ್ಟಿಯಲ್ಲಿ ಅರದಿಂದ ಸಣ್ಣ ಗುರುತು ಹಾಕಿಡಿ. ಒಂದನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ಅಂಚಿನಲ್ಲಿ ಆ ಗುರುತು ತಾನೇ ಮೂಡುತ್ತದೆ.

ಅಂಚಿಲ್ಲದ ಮಚ್ಚೆ

ಬೆಲ್ಲೋಸ್ ಅಂದರೆ ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾದ ಕಪ್ಪು ಚೀಲ. ಮಡಿಕೆಯ ಮೂಲೆಗಳು ಉಜ್ಜಿ ಉಜ್ಜಿ ತೂತಾಗುತ್ತವೆ. ಹಗಲಲ್ಲಿ ಎಷ್ಟು ನೋಡಿದರೂ ಕಾಣುವುದಿಲ್ಲ. ರಾತ್ರಿ ದೀಪ ಆರಿಸಿ, ಬೆಲ್ಲೋಸನ್ನು ಪೂರ್ತಿ ಚಾಚಿ, ಒಳಗೆ ಮೊಬೈಲ್ ಟಾರ್ಚ್ ಹಚ್ಚಿ ನೋಡಿ. ಕಣ್ಣು ಕತ್ತಲಿಗೆ ಹೊಂದಲು ಐದು ನಿಮಿಷ ಕೊಡಿ. ನನ್ನದರಲ್ಲಿ ಮೇಲ್ಗಡೆ ಎಡಮೂಲೆಯಲ್ಲಿ ಒಂದು ನಕ್ಷತ್ರ ಮಿನುಗಿತು. ಒಂದೇ ಒಂದು.

ತಮಾಷೆ ಏನು ಗೊತ್ತಾ? ಆ ಹಾಳೆ ತೆಗೆದ ದಿನ ಬೆಳಿಗ್ಗೆ ವಿರೂಪಾಕ್ಷ ದೇವಸ್ಥಾನದ ಹಿಂಬದಿಯಲ್ಲಿ ಜನರ ಸಾಲಿನಲ್ಲಿ ನಿಂತು, ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವ ಮುಖ್ಯ ಗೋಪುರದ ನೆರಳು ನೋಡಿ ಬಂದಿದ್ದೆ. ಕತ್ತಲೆ ಕೋಣೆ, ಒಂದು ಸಣ್ಣ ಕಿಂಡಿ, ಎದುರಿನ ಗೋಡೆಯ ಮೇಲೆ ಹೊರಗಿನ ಒಂಬತ್ತು ಅಂತಸ್ತಿನ ಗೋಪುರ. ಎಲ್ಲರೂ "ಅಬ್ಬಾ" ಅಂತಿದ್ದರು, ನಾನೂ ಅಂದೆ. ನನ್ನ ಕಂಕುಳಲ್ಲಿದ್ದ ಕತ್ತಲೆ ಕೋಣೆಯಲ್ಲೂ ಒಂದು ಕಿಂಡಿ ಇದೆ, ಅದೂ ತನ್ನ ಕೆಲಸ ಮಾಡುತ್ತಿದೆ ಅಂತ ಹೊಳೆಯಲಿಲ್ಲ. ಕೋನ ಓರೆಯಾದ್ದರಿಂದ ಅಲ್ಲಿ ಗೋಪುರ ಮೂಡಲಿಲ್ಲ, ಬೆಣ್ಣೆ ಮುದ್ದೆ ಮೂಡಿತು.

ಊರಲ್ಲಿದ್ದಾಗ ಇದಕ್ಕೆ ಫೆವಿಕಾಲ್‌ಗೆ ಕಪ್ಪು ಅಕ್ರಿಲಿಕ್ ಬಣ್ಣ ಕಲಸಿ ತೆಳುವಾಗಿ ಹಚ್ಚಿ, ಬೆಲ್ಲೋಸ್ ಚಾಚಿಯೇ ಒಣಗಿಸಿ. ದಪ್ಪ ಹಚ್ಚಿದರೆ ಮಡಚುವಾಗ ಅಂಟಿಕೊಂಡು ಹೊಸ ತೂತು ಆಗುತ್ತದೆ. ಹಂಪಿಯಲ್ಲೇ ಅನುಮಾನ ಬಂದರೆ ಫೋಕಸ್ ಬಟ್ಟೆಯನ್ನು ಬೆಲ್ಲೋಸ್ ಮೇಲೆ ಹೊದಿಸಿ ತೆಗೆಯಿರಿ. ನೋಡುವವರಿಗೆ ಕ್ಯಾಮೆರಾಗೆ ಚಳಿ ಆಗಿದೆ ಅನ್ನಿಸಬಹುದು. ಆಗಲಿ.

ಯಾಳಿ ಚೂಪು, ಮುಖ ಮಸುಕು

ಮಸುಕಾದ ಚಿತ್ರ ನೋಡಿ "ಕೈ ಅಲುಗಿತು" ಅನ್ನುವ ಮುಂಚೆ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ಇಡೀ ಹಾಳೆ ಸುತ್ತಿ ಬನ್ನಿ. ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಕೈ ಅಲುಗಿದೆ. ಕಲ್ಲು ಚೂಪಾಗಿ ಮನುಷ್ಯ ಮಾತ್ರ ಎಳೆದ ಹಾಗಿದ್ದರೆ ಅವನು ಅಲುಗಿದ್ದಾನೆ. 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಇದೇ ಹಂಪಿಯನ್ನು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದ. ಆ ಕಾಗದಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಓಡಾಡುವ ಮನುಷ್ಯ ಅದರಲ್ಲಿ ನಿಲ್ಲುವ ಹಾಗೇ ಇರಲಿಲ್ಲ. ನಮಗೆ ಆ ನೆಪ ಇಲ್ಲ. 400 ವೇಗದ ಫಿಲ್ಮ್, ಎಳೆಬಿಸಿಲಲ್ಲೂ 1/200 ಸೆಕೆಂಡಿನ ಶಟರ್ ಸಿಗುತ್ತದೆ.

ನನ್ನ ಎರಡು ಹಾಳೆಯ ಕಥೆ ಬೇರೆ. ವಿಠ್ಠಲ ದೇವಸ್ಥಾನದ ಮಂಟಪದಲ್ಲಿ ಒಬ್ಬ ಅಪ್ಪ ಮಗಳ ಜಡೆ ಸರಿ ಮಾಡುತ್ತಿದ್ದ. ನಾನು ಮೂರು ಮೀಟರ್ ದೂರದಲ್ಲಿದ್ದೆ. ನೆಗೆಟಿವ್‌ನಲ್ಲಿ ಅಪ್ಪನ ಮುಖ ಹತ್ತಿ. ಅವರ ಹಿಂದಿನ ಕಂಬದಲ್ಲಿದ್ದ ಯಾಳಿ ಎಷ್ಟು ಚೂಪು ಅಂದರೆ ಅದರ ಹಲ್ಲು ಎಣಿಸಬಹುದು. ಎರಡನೇ ಹಾಳೆಯಲ್ಲೂ ಹೀಗೇ, ಎದುರಿಗಿದ್ದವರ ಹಿಂದಿನದು ಚೂಪು. ಒಂದೇ ಕಡೆಗೆ, ಹೆಚ್ಚು ಕಡಿಮೆ ಒಂದೇ ಅಳತೆಗೆ ತಪ್ಪಿದರೆ ಅದು ಕಣ್ಣಿನ ತಪ್ಪಲ್ಲ, ಯಂತ್ರದ್ದು.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. 135 ಮಿ.ಮೀ. ಲೆನ್ಸ್ ಮೂರು ಮೀಟರ್‌ಗೆ ಫೋಕಸ್ ಆಗಬೇಕಾದರೆ, ಅನಂತದ (ಬಹುದೂರದ್ದು ಚೂಪಾಗುವ) ಜಾಗದಿಂದ ಸುಮಾರು 6.4 ಮಿ.ಮೀ. ಮುಂದೆ ಬರಬೇಕು. ಅದರಲ್ಲಿ 2 ಮಿ.ಮೀ. ಕಡಿಮೆ ಬಂದರೆ ಫೋಕಸ್ 4.3 ಮೀಟರ್‌ಗೆ ಹೋಗಿ ಕೂರುತ್ತದೆ. ಎರಡು ಮಿಲಿಮೀಟರ್! ಬೆಂಕಿಕಡ್ಡಿಯ ದಪ್ಪ. ಎಫ್ 8ರಲ್ಲಿ (ಲೆನ್ಸ್ ಕಿಂಡಿಯ ಅಳತೆ; ಅಂಕಿ ಹೆಚ್ಚಾದಷ್ಟು ಕಿಂಡಿ ಚಿಕ್ಕದು) ಮೂರು ಮೀಟರ್‌ಗೆ ಹಿಡಿದರೆ ಚೂಪಾಗಿ ಕಾಣುವುದು ಸುಮಾರು 2.65ರಿಂದ 3.45 ಮೀಟರ್‌ವರೆಗೆ ಮಾತ್ರ. 4.3ಕ್ಕೆ ಹೋದರೆ ಅಪ್ಪ, ಮಗಳು ಇಬ್ಬರೂ ಆಚೆ. ಸಣ್ಣ ಕ್ಯಾಮೆರಾದ 35 ಮಿ.ಮೀ. ಲೆನ್ಸ್ ಆಗಿದ್ದರೆ ಇದೇ ಎಫ್ 8ರಲ್ಲಿ ಎರಡು ಮೀಟರ್‌ನಿಂದ ಏಳು ಮೀಟರ್‌ವರೆಗೆ ಎಲ್ಲರೂ ಚೂಪು. ಅಲ್ಲಿ ಮಾಫಿ ಇದೆ, ಇಲ್ಲಿ ಇಲ್ಲ.

ಆ 2 ಮಿ.ಮೀ. ಎಲ್ಲಿ ಹೋಯಿತು? ಲೆನ್ಸ್ ಹಿಂದೆ ಮುಂದೆ ಜಾರುವ ಹಾಸಿನ ಮೇಲೆ ಅನಂತದ ಜಾಗ ತೋರಿಸುವ ಎರಡು ಪುಟ್ಟ ಲೋಹದ ತಡೆಗಳಿರುತ್ತವೆ. ಲೆನ್ಸ್ ಹೊತ್ತ ಮುಂಭಾಗವನ್ನು ಎಳೆದು ಅವಕ್ಕೆ ತಾಗಿಸಿ ಬಿಗಿ ಮಾಡಬೇಕು. ನನ್ನದರಲ್ಲಿ ಒಂದು ತಡೆಯ ಸ್ಕ್ರೂ ಸಡಿಲವಾಗಿ ಹಿಂದೆ ಜಾರಿತ್ತು. ಪರೀಕ್ಷೆ ಹೀಗೆ: ಗೋಡೆಗೆ ದಿನಪತ್ರಿಕೆ ಅಂಟಿಸಿ, ಟೇಪ್ ಹಿಡಿದು ಸರಿಯಾಗಿ ಮೂರು ಮೀಟರ್ ಅಳೆದು ಕ್ಯಾಮೆರಾ ಮೇಜಿನ ಮೇಲಿಡಿ. ರೇಂಜ್‌ಫೈಂಡರ್‌ನಲ್ಲಿ ಎರಡು ಬಿಂಬ ಸೇರಿಸಿ. ಈಗ ಕ್ಯಾಮೆರಾ ಹಿಂಬದಿಯ, ಬಿಂಬ ಬೀಳುವ ಮಸುಕು ಗಾಜಿನಲ್ಲಿ ಲೂಪ್ ಇಟ್ಟು ನೋಡಿ. ಅಕ್ಷರ ಚೂಪಾಗಿದ್ದರೆ ಜೋಡಿ ಸರಿ. ಇಲ್ಲದಿದ್ದರೆ ಮೊದಲು ಆ ತಡೆಗಳು, ಆಮೇಲೆ ರೇಂಜ್‌ಫೈಂಡರ್ ಹೊಂದಾಣಿಕೆ. ಗಾಜಿನಲ್ಲಿ ಚೂಪಾಗಿದ್ದೂ ನೆಗೆಟಿವ್‌ನಲ್ಲಿ ಮಸುಕಾದರೆ ಗಾಜೇ ಜಾಗದಲ್ಲಿಲ್ಲ. 4×5 ಹೋಲ್ಡರ್‌ನಲ್ಲಿ ಹಾಳೆ ಕೂರುವ ಆಳ 0.197 ಇಂಚು, ಅಂದರೆ 5 ಮಿ.ಮೀ. ಗಾಜಿನ ಒರಟು ಮೈಯೂ ಅಷ್ಟೇ ಆಳದಲ್ಲಿರಬೇಕು. ಹಳೆಯ ಒಡೆಯ ಯಾರಾದರೂ ಗಾಜು ತಿರುವಿ ಹಾಕಿದ್ದರೆ ಅಥವಾ ಫ್ರೆನೆಲ್ ಹಾಳೆ (ಬಿಂಬ ಬೆಳಗಿಸುವ ಚಪ್ಪಟೆ ಲೆನ್ಸ್) ಸೇರಿಸಿದ್ದರೆ, ತೆಗೆದಿದ್ದರೆ ಈ ಅಳತೆ ತಪ್ಪುತ್ತದೆ.

ಬಿಸಿಲಿದ್ದಾಗ ನಾನು ಈಗ ರೇಂಜ್‌ಫೈಂಡರ್ ನೋಡುವುದೇ ಕಡಿಮೆ. ನ್ಯೂಯಾರ್ಕ್‌ನ ಪತ್ರಿಕಾ ಛಾಯಾಗ್ರಾಹಕ ವೀಜೀ ಸ್ಪೀಡ್ ಗ್ರಾಫಿಕ್ ಹಿಡಿದು ಹತ್ತು ಅಡಿಗೆ ಫೋಕಸ್ ಕಟ್ಟಿ, ಎಫ್ 16 ಇಟ್ಟು, ಫ್ಲ್ಯಾಶ್ ಹೊಡೆದು ಹೋಗುತ್ತಿದ್ದ. ಹತ್ತು ಅಡಿ ಅಂದರೆ ನಮ್ಮ ಮೂರು ಮೀಟರ್. ಎಫ್ 16ರಲ್ಲಿ 2.4ರಿಂದ 4 ಮೀಟರ್‌ವರೆಗೆ ಸಿಗುತ್ತದೆ. ಹಂಪಿಯ ನಡುಹಗಲಿಗೆ 400ರ ಫಿಲ್ಮ್‌ಗೆ ಎಫ್ 16, 1/400. ಫ್ಲ್ಯಾಶ್ ಬೇಡ, ಸೂರ್ಯನೇ ಇದ್ದಾನೆ.

ಖಾಲಿ ಹಾಳೆಗೆ ಒಂದು ಜೋಡಿ ಇರುತ್ತದೆ

ಒಂದು ಹಾಳೆ ಪೂರ್ತಿ ಪಾರದರ್ಶಕವಾಗಿ ಬಂದು, ಅದೇ ಡಬ್ಬಿಯ ಬೇರೆ ಹಾಳೆಗಳು ಸರಿ ಇದ್ದರೆ, ರಾಸಾಯನಿಕವನ್ನು ಬೈಯಬೇಡಿ. ಅದಕ್ಕೆ ಬೆಳಕೇ ತಾಗಿಲ್ಲ. ಅದೇ ಹೋಲ್ಡರ್‌ನ ಇನ್ನೊಂದು ಮುಖದ ಹಾಳೆ ಹುಡುಕಿ. ಸೌತೆಕಾಯಿ ಹುಡುಗ ಅಲ್ಲಿ ಸಿಗುತ್ತಾನೆ. ಹೋಲ್ಡರ್ ತಿರುಗಿಸದೆ ಅದೇ ಮುಖಕ್ಕೆ ಎರಡು ಸಲ ತೆಗೆದಿರುತ್ತೀರಿ. ಸ್ಲೈಡ್‌ನ ಹಿಡಿ ಒಂದು ಕಡೆ ಬಿಳಿ, ಇನ್ನೊಂದು ಕಡೆ ಕಪ್ಪು. ಬಿಳಿ ಹೊರಗಿದ್ದರೆ ಹೊಸ ಹಾಳೆ, ಕಪ್ಪು ಹೊರಗಿದ್ದರೆ ತೆಗೆದಾಗಿದೆ. ಈ ಪದ್ಧತಿ ಎಲ್ಲರಿಗೂ ಗೊತ್ತು, ಗಡಿಬಿಡಿಯಲ್ಲಿ ಎಲ್ಲರೂ ಮರೆಯುತ್ತಾರೆ. ಜೋಡಿ ಹಾಳೆ ಸರಿ ಇದ್ದೂ ಇದು ಖಾಲಿಯಾದರೆ ಶಟರ್‌ಗೆ ಕೀಲಿ ಕೊಟ್ಟಿರಲಿಲ್ಲ, ಇಲ್ಲವೇ ಸ್ಲೈಡ್ ಎಳೆದಿರಲಿಲ್ಲ. ಪೂರ್ತಿ ಕಪ್ಪಾದರೆ ಗಾಜಿನಲ್ಲಿ ನೋಡಲು ತೆರೆದ ಶಟರ್ ಮುಚ್ಚದೆ ಸ್ಲೈಡ್ ಎಳೆದಿದ್ದೀರಿ.

ಎಲ್ಲಾ ಹಾಳೆಯೂ ಬೇಕಾದ್ದಕ್ಕಿಂತ ಗಟ್ಟಿ ಕಪ್ಪಾಗಿ ಬಂದರೆ ನೆರಳಿನ ಭಾಗ ನೋಡಿ. ಅಲ್ಲೂ ಜಾಸ್ತಿ ವಿವರ ತುಂಬಿದ್ದರೆ ಶಟರ್ ನಿಧಾನ. ಮೊಬೈಲ್‌ನಲ್ಲಿ ಸೆಕೆಂಡಿಗೆ 240 ಫ್ರೇಮಿನ ವಿಡಿಯೊ ಮಾಡಿ, 1/30 ಇಟ್ಟರೆ ಶಟರ್ ಎಂಟು ಫ್ರೇಮ್ ತೆರೆದಿರಬೇಕು. ಹನ್ನೆರಡು ಬಂದರೆ ಒಳಗೆ ಎಣ್ಣೆ ಜಿಡ್ಡುಗಟ್ಟಿದೆ. ನೆರಳು ಸರಿ ಇದ್ದು ಬೆಳಕಿನ ಭಾಗ ಮಾತ್ರ ಗಟ್ಟಿಯಾದರೆ ತೊಳೆಯುವ ನೀರು ಬಿಸಿ. ಎಚ್‌ಪಿ5 ಪ್ಲಸ್ ಫಿಲ್ಮ್‌ಗೆ ಐಡಿ-11 ಡೆವಲಪರ್‌ನಲ್ಲಿ ಏಳೂವರೆ ನಿಮಿಷ ಅನ್ನುವುದು 20 ಡಿಗ್ರಿಗೆ ಹೇಳಿದ ಮಾತು, ಏಪ್ರಿಲ್‌ನ ನಲ್ಲಿ ನೀರಿಗೆ ಅಲ್ಲ. ಐಸ್ ಹಾಕಿದ ಬಕೆಟ್‌ನಲ್ಲಿ ಬಾಟಲಿ ಇಡಿ. ಇನ್ನು ಪ್ರಿಂಟ್‌ನಲ್ಲಿ ಕರಿ ಚುಕ್ಕಿ ಬಂದರೆ ಅದು ಹಂಪಿಯ ಧೂಳು. ತುಂಬುವ ಮುಂಚೆ ಹೋಲ್ಡರ್‌ಗೆ ಬ್ರಷ್ ಹೊಡೆಯಿರಿ.

ಎಲ್ಲರೂ ಕ್ಯಾಮೆರಾನೇ ನೋಡುತ್ತಿದ್ದಾರೆ

ಇದಕ್ಕೆ ಸ್ಕ್ರೂ ಇಲ್ಲ, ಟೇಪ್ ಇಲ್ಲ. ತಾಂತ್ರಿಕವಾಗಿ ಸರಿ ಬಂದ ಮೂರು ಹಾಳೆಯಲ್ಲಿ ಎರಡರಲ್ಲಿ ಎಲ್ಲರೂ ಲೆನ್ಸನ್ನೇ ದಿಟ್ಟಿಸಿದ್ದರು. ಮೊಬೈಲ್ ಆದರೆ ಯಾರೂ ತಿರುಗಿ ನೋಡುವುದಿಲ್ಲ. ಈ ಡಬ್ಬಿ ಕಂಡರೆ ಬ್ಯಾಟರಿ ಗಾಡಿಯ ಚಾಲಕನೂ ಬ್ರೇಕ್ ಹಾಕುತ್ತಾನೆ.

ಮೊದಲು ನಾನು ಅಡಗಲು ನೋಡಿದೆ. ಕಂಬದ ಹಿಂದೆ ನಿಂತೆ. ಅದು ತಪ್ಪು. ದೊಡ್ಡ ಕ್ಯಾಮೆರಾ ಹಿಡಿದು ಅಡಗಿದವನನ್ನು ಕಂಡರೆ ಜನಕ್ಕೆ ಸಹಜವಾಗಿ ಅನುಮಾನ. ಈಗ ಬಯಲಲ್ಲೇ, ಒಂದೇ ಜಾಗದಲ್ಲಿ ಅರ್ಧ ಗಂಟೆ ಕೂರುತ್ತೇನೆ. ಬರುವವರು ಬಂದು ನೋಡಲಿ. ಹೇಮಕೂಟ ಗುಡ್ಡದ ಮೇಲೆ ಬಾಗಲಕೋಟೆ ಕಡೆಯ ಒಬ್ಬ ಅಜ್ಜಿ ಸೀದಾ ಬಂದು ಕೇಳಿದರು: "ಏನಪಾ ತಮ್ಮಾ, ಇದು ಹಾರ್ಮೋನಿಯಂ ಏನು?"

"ಅಲ್ಲ ಅಜ್ಜಿ, ಫೋಟೋ ಡಬ್ಬಿ."

"ಹಂಗಾರ ನಂದೊಂದು ತಗಿ ನೋಡೂಣು."

ಸೆರಗು ಸರಿ ಮಾಡಿಕೊಂಡು ಕಲ್ಲಿನ ಹಾಗೆ ನಿಂತರು. ತೆಗೆದೆ. "ಆತೇನು?" ಅಂದರು. ಆತು ಅಂದೆ. ಉಸಿರು ಬಿಟ್ಟು, ಬಂಡೆಯ ಮೇಲೆ ಕೂತು, ಸೊಸೆಯ ಕಡೆ ತಿರುಗಿ ಏನೋ ಹೇಳಿ ಬಾಯಿ ತುಂಬಾ ನಕ್ಕರು. ನನಗೆ ಬೇಕಾದ ಚಿತ್ರ ಆ ಎರಡನೆಯದು. ಪೋಸ್ ಕೊಟ್ಟು ಮುಗಿಸಿದವರು ಕ್ಯಾಮೆರಾವನ್ನು ಮರೆತುಬಿಡುತ್ತಾರೆ. ಅದಕ್ಕೇ ಮೊದಲ ಹಾಳೆಯನ್ನು ಅವರಿಗೆ ಕೊಟ್ಟುಬಿಡಿ, ನಿಜವಾಗಿಯೂ ತೆಗೆಯಿರಿ, ಸುಮ್ನೆ ಒತ್ತಿದ ಹಾಗೆ ನಟಿಸಬೇಡಿ. ಎರಡನೆಯದನ್ನು ತೆಗೆದ ಮೇಲೆ ಹೋಗಿ ಹೇಳಿ. ಬೇಡ ಅಂದರೆ ಆ ಹಾಳೆ ಯಾರಿಗೂ ತೋರಿಸಬೇಡಿ. ಮಕ್ಕಳಾದರೆ ಮೊದಲೇ ದೊಡ್ಡವರನ್ನು ಕೇಳಿ.

ಎರಡರ ನಡುವೆ ಸಿಗುವುದು ಎಂಟು-ಹತ್ತು ಸೆಕೆಂಡು. ಅಷ್ಟರಲ್ಲಿ ಸ್ಲೈಡ್ ನೇರವಾಗಿ ಹಾಕಿ, ಕಪ್ಪು ಹಿಡಿ ಹೊರಗೆ, ಹೋಲ್ಡರ್ ತಿರುಗಿಸಿ, ಶಟರ್‌ಗೆ ಕೀಲಿ, ಸ್ಲೈಡ್ ಎಳೆಯಿರಿ. ಮನೆಯಲ್ಲಿ ಖಾಲಿ ಹೋಲ್ಡರ್ ಹಿಡಿದು ಟಿವಿ ನೋಡುತ್ತಾ ಅಭ್ಯಾಸ ಮಾಡಿ. ನಾನು ಆ ಅಜ್ಜಿಯ ಹೊತ್ತಿಗೆ ಹನ್ನೊಂದು ಸೆಕೆಂಡಿನಲ್ಲಿದ್ದೆ, ಈಗ ಏಳಕ್ಕೆ ಬಂದಿದ್ದೇನೆ.